ಲಿಫ್ಟಣ್ಣನಿಗೆ ತುಂಬಾ ಕೆಲಸ ಇತ್ತು

“ಅಣ್ಣಾ, ನಿಮಗೆ ಕೆಲಸ ಸಿಕ್ಕಿದೆಯಂತಲ್ಲ! ನಮಗೆ ಒಂದು ಮಾತು ಹೇಳೋದು ಬೇಡ್ವಾ?”

“ನನಗಾ? ಎಲ್ಲಿ? ಯಾವ ಕೆಲಸ?”

“ಅದನ್ನ ನನ್ನ ಕೇಳಿದ್ರೆ? ಸಿಕ್ಕಿರೋದು ನಿಮಗೆ!”

ಲಿಫ್ಟಣ್ಣ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಮರೆತು ಬಾಗಿಲಲ್ಲಿ ನಿಂತುಬಿಟ್ಟ. ತನಗೇ ಗೊತ್ತಾಗದ ಹಾಗೆ ತನಗೆ ಕೆಲಸ ಸಿಕ್ಕಿದೆ ಅಂದರೆ ಅದೇನು ಸಾಮಾನ್ಯ ಸಂಗತಿಯೇ! ಎಲ್ಲೋ ಯಾರೋ ಕೂತು ತನ್ನ ಬಗ್ಗೆ ಯೋಚನೆ ಮಾಡಿದ್ದಾರೆ, ತನಗೆ ಅಂತ ಒಂದು ಕುರ್ಚಿ ತೆಗೆದಿಟ್ಟಿದ್ದಾರೆ. ಅವನ ಮೈ ಜುಮ್ಮೆಂದಿತು.

ಸುದ್ದಿ ತಂದವಳು ಪಕ್ಕದ ಮನೆಯ ಟೈಲರಮ್ಮ. ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಫೋನು. ಲಿಫ್ಟಣ್ಣನ ಸ್ವಂತ ಫೋನು ನೀರಿನ ಬಕೆಟ್ಟಿಗೆ ಬಿದ್ದು ತೀರಿಕೊಂಡ ಮೇಲೆ ಅವನು ಭತ್ಯೆ ಕಚೇರಿಗೆ ಇವಳ ನಂಬರನ್ನೇ ಕೊಟ್ಟಿದ್ದ. ಹಾಗಾಗಿ ಅವನ ಬದುಕಿನ ದೊಡ್ಡ ದೊಡ್ಡ ಸುದ್ದಿಗಳೆಲ್ಲ ಮೊದಲು ಟೈಲರಮ್ಮನಿಗೆ, ಆಮೇಲೆ ಬೀದಿಗೆ, ಕಟ್ಟಕಡೆಗೆ ಅವನಿಗೆ ಗೊತ್ತಾಗುತ್ತಿದ್ದವು.

“ಕೇಳಿ, ಓದ್ತೀನಿ. ‘ತಮಗೆ ಉದ್ಯೋಗ ದೊರೆತಿರುವುದು ತಿಳಿದು ಸಂತೋಷವಾಗಿದೆ. ಆದ್ದರಿಂದ ತಮ್ಮ ನಿರುದ್ಯೋಗ ಭತ್ಯೆಯನ್ನು ನಿಲ್ಲಿಸಲಾಗಿದೆ.’ ನೋಡಿ, ಸಂತೋಷ ಅಂತಾನೂ ಹಾಕಿದ್ದಾರೆ. ಎಷ್ಟು ಒಳ್ಳೆ ಜನ!”

‘ನಿಲ್ಲಿಸಲಾಗಿದೆ’ ಎಂಬ ಪದ ಅಡುಗೆಮನೆಗೆ ಹೇಗೆ ಕೇಳಿಸಿತೋ, ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. “ರೀ, ಮೊನ್ನೆ ಫೋನ್‌ನಲ್ಲಿ ಏನ್ ಹೇಳಿದ್ರಿ ಅವರಿಗೆ?”

“ಕೇಳಿದ್ದಕ್ಕೆ ಉತ್ತರ ಹೇಳಿದೆ ಕಣೇ.”

“ಏನ್ ಕೇಳಿದ್ರು?”

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಲಿಫ್ಟಣ್ಣ ದೊಡ್ಡ ಜವಳಿ ಅಂಗಡಿಯೊಂದರಲ್ಲಿ ಲಿಫ್ಟು ನಡೆಸುತ್ತಿದ್ದವನು. ಸ್ಟೂಲಿನ ಮೇಲೆ ಕೂತು, ಹಿಡಿಕೆ ತಿರುಗಿಸಿ, “ಎರಡನೇ ಮಹಡಿ, ಮಕ್ಕಳ ಉಡುಪು” ಎಂದು ಕೂಗಿದರೆ ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು. ಆಮೇಲೆ ಅಂಗಡಿಯವರು ತಾನೇ ಮಾತಾಡುವ ಹೊಸ ಲಿಫ್ಟು ತಂದರು. ತನ್ನ ಅನ್ನ ಕಿತ್ತುಕೊಂಡ ಆ ಯಂತ್ರವನ್ನು ಬೇರೆ ಯಾರಾದರೂ ಆಗಿದ್ದರೆ ಶಪಿಸುತ್ತಿದ್ದರು. ಲಿಫ್ಟಣ್ಣ ಮಾತ್ರ ಕೊನೆಯ ದಿನ ಇಡೀ ಮಧ್ಯಾಹ್ನ ಅದರಲ್ಲೇ ಬಾಯಿ ಬಿಟ್ಟುಕೊಂಡು ಮೇಲೆ ಕೆಳಗೆ ಓಡಾಡಿದ್ದ. “ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ” ಎನ್ನುವ ಆ ಹೆಣ್ಣುದನಿ! ಹತ್ತಿಯಲ್ಲಿ ಸುತ್ತಿದ ಗಂಟೆಯ ಹಾಗೆ. ಕೆಲಸ ಹೋದರೂ ಇಂಥವರಿಗೆ ಹೋಯಿತಲ್ಲ ಎಂದು ಅವನಿಗೆ ಹೆಮ್ಮೆಯೇ ಆಗಿತ್ತು.

ಭತ್ಯೆಗೆ ಪ್ರತಿ ವಾರ ಫೋನ್ ಮಾಡಿ ವರದಿ ಒಪ್ಪಿಸಬೇಕು. ಮೊನ್ನೆ ಟೈಲರಮ್ಮನ ಫೋನಿನಿಂದ ಮೊದಲ ಸಲ ಮಾಡಿದರೆ, ಆ ಕಡೆಯಿಂದ ಬಂದದ್ದು ಅದೇ ದನಿ! ಲಿಫ್ಟಣ್ಣ ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ಅಬ್ಬಾ, ಈ ಮೇಡಂ ಎಷ್ಟು ಕಡೆ ದುಡಿಯುತ್ತಾರಪ್ಪ! ಅಲ್ಲಿ ಬಾಗಿಲು ಮುಚ್ಚಿ, ಇಲ್ಲಿ ಬಂದು ಫೋನ್ ಎತ್ತಿ, ಊಟ ಯಾವಾಗ ಮಾಡುತ್ತಾರೋ!

ದನಿ ಕೇಳಿತು: “ಕಳೆದ ವಾರ ನಿಮಗೆ ಕೆಲಸ ಇತ್ತೆ?”

ಇಷ್ಟು ಅಕ್ಕರೆಯಿಂದ ಯಾರಾದರೂ ಕೇಳಿದರೆ ಒಂದೇ ಮಾತಲ್ಲಿ ಉತ್ತರ ಕೊಡುವುದು ಮರ್ಯಾದೆಯೇ? “ಅಯ್ಯೋ, ಕೇಳ್ಬೇಡಿ ಮೇಡಂ! ತುಂಬಾ ಕೆಲಸ ಇತ್ತು. ಅಟ್ಟದ ಮೇಲಿನ ಟ್ರಂಕ್ ಇಳಿಸಿದ್ದೇನು, ಅತ್ತೆ ಮನೆ ನಲ್ಲಿ ರಿಪೇರಿ ಮಾಡಿದ್ದೇನು, ಹಾಸಿಗೆ ಎಲ್ಲಾ ಬಿಸಿಲಿಗೆ ಹಾಕಿದ್ದೇನು. ತಲೆ ಕೆರ್ಕೊಳ್ಳೋಕೂ ಪುರುಸೊತ್ತಿರ್ಲಿಲ್ಲ. ನಿಮಗೂ ಹಂಗೇ ಇರ್ಬೇಕಲ್ವಾ?”

“ಧನ್ಯವಾದಗಳು” ಎಂದಿತು ದನಿ. ಲಿಫ್ಟಣ್ಣನಿಗೆ ಅವತ್ತೆಲ್ಲ ನೆಲಕ್ಕೆ ಕಾಲು ತಾಗಿರಲಿಲ್ಲ.

ಇದೆಲ್ಲ ಕೇಳಿ ಹೆಂಡತಿ ಸೌಟಿನಿಂದಲೇ ಹಣೆ ಚಚ್ಚಿಕೊಂಡಳು. “ಕೆಲಸ ಅಂದ್ರೆ ಸಂಬಳದ ಕೆಲಸ ರೀ! ಮನೇಲಿ ಮಾಡೋದನ್ನ ಯಾರಾದ್ರೂ ಕೆಲಸ ಅಂತಾರಾ?”

“ಅದು ನಿಜ ಅತ್ತಿಗೆ, ನಾವು ಇಷ್ಟು ವರ್ಷ ಮಾಡಿದ್ದನ್ನೇ ಯಾರೂ ಅಂದಿಲ್ಲ” ಎಂದಳು ಟೈಲರಮ್ಮ.

“ನೋಡಿ, ಇವತ್ತು ಸಂಜೆಯೊಳಗೆ ಕಚೇರಿಗೆ ಹೋಗಿ ಸರಿಮಾಡಿಸ್ಕೊಂಡು ಬನ್ನಿ. ಇಲ್ಲ ಅಂದ್ರೆ ನಾಳೆಯಿಂದ ನನ್ನ ತಮ್ಮನ ಅಂಗಡಿ. ಮನೆ ನಡೀಬೇಕಲ್ಲ!” ಎಂದಳು ಹೆಂಡತಿ.

ಭಾವಮೈದುನನದು ಹಾಸಿಗೆ-ದಿಂಬಿನ ಅಂಗಡಿ. ಆಳೆತ್ತರದ ದಿಂಬಿನ ವೇಷ ಹಾಕಿಕೊಂಡು, ಮುಖ ಮಾತ್ರ ಹೊರಗಿಟ್ಟು, ಅಂಗಡಿ ಮುಂದೆ ನಿಂತು ಹೋಗಿಬರುವವರಿಗೆಲ್ಲ ಕೈಬೀಸುವ ಒಬ್ಬರು ಅವನಿಗೆ ಬೇಕಾಗಿದ್ದರು. “ಭಾವ, ನಿಮ್ಮ ಮುಖದಲ್ಲೇ ಒಂದು ನಿದ್ದೆ ಕಳೆ ಇದೆ” ಎಂದು ಹೊಗಳಿಯೂ ಇದ್ದ. ಭತ್ಯೆ ಬರುತ್ತಿರುವವರೆಗೆ ಲಿಫ್ಟಣ್ಣ ಮರ್ಯಾದೆಯಾಗಿ ಬೇರೆ ಲಿಫ್ಟು ಹುಡುಕಬಹುದು. ಭತ್ಯೆ ನಿಂತರೆ ದಿಂಬೇ ಗತಿ.

“ಕೈ ಎತ್ತಿ ಅಣ್ಣ” ಎಂದು ಟೈಲರಮ್ಮ ಅವನ ಎದೆಯ ಸುತ್ತ ಅಳತೆಪಟ್ಟಿ ಹಾಕಿದಳು.

“ಏನಿದು?”

“ದಿಂಬು ಹೊಲಿಯೋ ಆರ್ಡರ್ ನಂಗೇ ಬಂದಿರೋದು. ಅಳತೆ ಇದ್ರೆ ಒಳ್ಳೇದಲ್ವಾ. ಬೇಜಾರು ಮಾಡ್ಕೋಬೇಡಿ, ಕಚೇರಿಗೆ ನಾನೂ ಬರ್ತೀನಿ. ನೀವೊಬ್ರೇ ಹೋದ್ರೆ ಮತ್ತೆ ಯಾರಿಗಾದ್ರೂ ಕಷ್ಟ ಸುಖ ಹೇಳ್ಕೊಂಡು ಬರ್ತೀರಾ.”

ಹೊರಡುವಾಗ ಹೆಂಡತಿ ಪಾಠ ಹೇಳಿಕೊಟ್ಟಳು. “ಕೆಲಸ ಇತ್ತಾ, ಮಾಡಿದ್ರಾ ಅಂತ ಯಾರೇ ಕೇಳ್ಲಿ, ಒಂದೇ ಉತ್ತರ. ಇಲ್ಲ. ಹೇಳಿ ನೋಡೋಣ?”

“ಇಲ್ಲ.”

“ಅಷ್ಟೇ. ಮುಂದಕ್ಕೆ ಒಂದಕ್ಷರ ಬೇಡ.”

ಭತ್ಯೆ ಕಚೇರಿಯ ಕಟ್ಟಡ ನೋಡಿ ಲಿಫ್ಟಣ್ಣ ಬೀದಿಯಲ್ಲೇ ಕತ್ತೆತ್ತಿ ನಿಂತ. ಕಲ್ಲಿನ ಕಂಬಗಳು, ಅವುಗಳ ಮೇಲೆ ಕಿಟಕಿಗಳು, ಅವುಗಳ ಮೇಲೆ ಮತ್ತೂ ಕಿಟಕಿಗಳು, ಆಮೇಲೆ ಪಾರಿವಾಳ, ಆಮೇಲೆ ಆಕಾಶ. ಕೆಲಸ ಇಲ್ಲದವರಿಗೋಸ್ಕರ ಇಷ್ಟು ದೊಡ್ಡ ಅರಮನೆ ಕಟ್ಟಿದ್ದಾರೆ! ಬಾಗಿಲ ಬಳಿ ಕಾವಲುಗಾರನ ಪಕ್ಕದಲ್ಲಿ ಮೆತ್ತೆ ಹಾಕಿದ ಭರ್ಜರಿ ಕುರ್ಚಿಯೊಂದು ಖಾಲಿ ಇತ್ತು. ಯಾರೋ ದೊಡ್ಡವರದಿರಬೇಕು ಎಂದು ಅದಕ್ಕೂ ಒಂದು ನಮಸ್ಕಾರ ಹಾಕಿ ಮುಂದೆ ಹೋದ.

ತಿದ್ದುಪಡಿ ವಿಭಾಗ ಆರನೇ ಮಹಡಿಯಲ್ಲಿ. ಮೆಟ್ಟಿಲ ಮೇಲೆ ಜನ ಅಲ್ಲಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಅಜ್ಜಿಯೊಬ್ಬರು ಮೂರನೇ ಮಹಡಿಯಲ್ಲಿ ಬುತ್ತಿ ಬಿಚ್ಚಿ ಅರ್ಧ ದಾರಿಯ ಊಟ ಮುಗಿಸುತ್ತಿದ್ದರು. ಟೈಲರಮ್ಮ ನಾಲ್ಕನೆಯದಕ್ಕೇ “ಅಣ್ಣ, ನೀವು ದಿಂಬೇ ಹಾಕ್ಕೊಳ್ಳಿ, ನನ್ನ ಕೈಲಾಗಲ್ಲ” ಎಂದು ಗೋಡೆ ಹಿಡಿದಳು. ಹೇಗೋ ಹತ್ತಿದರು.

ಕೌಂಟರಿನಲ್ಲಿ ದಪ್ಪ ಕನ್ನಡಕದ ಮೇಡಂ ಇದ್ದರು. ಅವರು ಮೊನ್ನೆಯ ಫೋನ್ ಮಾತನ್ನು ಕಂಪ್ಯೂಟರಿನಲ್ಲಿ ಹಾಕಿ ಕೇಳಿದರು. ಟ್ರಂಕಿನ ಹತ್ತಿರ ಬಂದಾಗ ತುಟಿ ಅಲುಗಿತು. ನಲ್ಲಿಯ ಹತ್ತಿರ ಕನ್ನಡಕ ತೆಗೆದರು. “ನಿಮಗೂ ಹಂಗೇ ಇರ್ಬೇಕಲ್ವಾ” ಬಂದಾಗ ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

“ಯಜಮಾನ್ರೇ, ಅದು ಯಂತ್ರ! ಅದಕ್ಕೆ ‘ಇತ್ತು’, ‘ಇಲ್ಲ’ ಎರಡೇ ಮಾತು ಗೊತ್ತಿರೋದು.”

“ಯಂತ್ರವಾ!” ಲಿಫ್ಟಣ್ಣನ ಕಣ್ಣು ಇನ್ನೂ ಅಗಲವಾದವು. “ಹಂಗಾದ್ರೆ ಇನ್ನೂ ದೊಡ್ಡೋರು ಬಿಡಿ.”

“ನಿಮ್ಮದು ಮೋಸ ಅಲ್ಲ, ಬರೀ ಮಾತಿನ ತಪ್ಪು. ಮನೆಕೆಲಸ ನಮ್ಮ ಲೆಕ್ಕದಲ್ಲಿ ಕೆಲಸ ಅಲ್ಲ. ಒಂದು ಗೀಟು ಹೊಡೆದು ಸಹಿ ಹಾಕಿದ್ರೆ ಮುಗೀತು.”

“ಹಾಕಿಬಿಡಿ ಮೇಡಂ!”

“ಎಲ್ಲಿ ಹಾಕ್ಲಿ? ಫೈಲು ಬೇಕಲ್ಲ. ಫೈಲು ಕೆಳಗಡೆ ದಾಖಲೆ ಕೋಣೇಲಿದೆ.”

“ಒಂದೇ ಓಟಕ್ಕೆ ತಂದುಬಿಡ್ತೀನಿ.”

“ಅರ್ಜಿದಾರರು ಫೈಲು ಮುಟ್ಟೋ ಹಾಗಿಲ್ಲ. ತಳ್ಳುಗಾಡೀಲಿ ಲಿಫ್ಟಲ್ಲೇ ಬರ್ಬೇಕು. ಲಿಫ್ಟ್ ನಡೆಸೋರು ನಿವೃತ್ತಿಯಾಗಿ ಹೋದ್ರು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಅದಕ್ಕೇ ಎಲ್ಲರದ್ದೂ ತಡ. ಫೈಲುಗಳೆಲ್ಲ ಕೆಳಗೆ, ನಾವೆಲ್ಲ ಮೇಲೆ.” ಮೇಡಂ ಹಿಂದೆ ಕೈ ತೋರಿಸಿದರು. ಸಾಲು ಸಾಲು ಮೇಜು, ಒಂದೊಂದರ ಹಿಂದೆ ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿ ಕೂತ ಗುಮಾಸ್ತರು, ಸಹಿ ಹಾಕಲು ಒಂದು ಕಾಗದವೂ ಇಲ್ಲ.

ಟೈಲರಮ್ಮ ಲಿಫ್ಟಣ್ಣನ ಮುಖ ನೋಡಿದಳು. ಲಿಫ್ಟಣ್ಣ ಆಗಲೇ ಮೆಟ್ಟಿಲಲ್ಲಿದ್ದ.

ಕೆಳಗೆ, ದಾಖಲೆ ಕೋಣೆಯ ಪಕ್ಕದ ಅರೆಗತ್ತಲಲ್ಲಿ ಅದು ನಿಂತಿತ್ತು. ಹಳೆಯ ಕಾಲದ ಕೈಹಿಡಿಕೆಯ ಲಿಫ್ಟು. ಹಿತ್ತಾಳೆಯ ಜಾಲರಿ ಬಾಗಿಲು, ಒಳಗೆ ಕರಿಮರದ ಗೋಡೆ, ಮೂಲೆಯಲ್ಲೊಂದು ಪುಟ್ಟ ಸ್ಟೂಲು, ಚಾವಣಿಯಲ್ಲಿ ಮುಚ್ಚಿದ ಹೂವಿನಂಥ ದೀಪ. ಲಿಫ್ಟಣ್ಣ ಚಪ್ಪಲಿ ಬಿಟ್ಟ. ಯಾಕೆ ಬಿಟ್ಟೆ ಎಂದು ಅವನಿಗೂ ಗೊತ್ತಿಲ್ಲ. ಇಂಥದ್ದು ಪ್ರಪಂಚದಲ್ಲಿ ಇನ್ನೂ ಉಳಿದಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ದಾಖಲೆ ಕೋಣೆಯ ಗುಮಾಸ್ತ ಬೀಗದ ಕೈ ಗೊಂಚಲು ಅಲುಗಿಸುತ್ತ ಬಂದ. “ಮುಟ್ಟಬೇಡಿ ಸ್ವಾಮಿ. ಒಂದ್ಸಲ ನಾನೇ ನಡೆಸೋಕೆ ಹೋಗಿ ಎರಡು ಮಹಡಿ ನಡುವೆ ಸಿಕ್ಕಾಕ್ಕೊಂಡೆ. ಊಟಕ್ಕೆ ಹೊರಟವನು ಸಂಜೆ ಚಹಾ ಹೊತ್ತಿಗೆ ಹೊರಗೆ ಬಂದೆ. ಅದೂ ಕಾಲು ಮೊದಲು.”

“ನನಗೆ ಗೊತ್ತು ಇದು. ನನ್ನ ಫೈಲಿಗೋಸ್ಕರ ಒಂದೇ ಒಂದು ಸಲ ಮೇಲಕ್ಕೆ ಹೋಗಿ ಬರ್ತೀನಿ. ಕೊಡಿ.”

ಗುಮಾಸ್ತ ಅವನನ್ನೂ ಲಿಫ್ಟನ್ನೂ ನೋಡಿ, ಬೀಗದ ಕೈ ಕೊಟ್ಟು, ಫೈಲುಗಳ ಗಾಡಿಯನ್ನು ಒಳಗೆ ತಳ್ಳಿ, ತಾನು ಲಿಫ್ಟಿನ ಗೋಡೆಗೆ ಅಂಟಿಕೊಂಡು ನಿಂತ.

ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತು ಹಿಡಿಕೆಯನ್ನು ಬೆರಳ ತುದಿಯಿಂದ ತಳ್ಳಿದ. ಎಲ್ಲೋ ಮೇಲೆ ಮೋಟಾರು ಆಕಳಿಸಿತು. ಹೂವಿನ ದೀಪ ಹತ್ತಿಕೊಂಡಿತು. ಫೈಲುಗಳ ಗಾಡಿ, ಗುಮಾಸ್ತ, ಲಿಫ್ಟಣ್ಣ ಮೂವರೂ ನೆಲ ಬಿಟ್ಟು ಎದ್ದರು. ಜಾಲರಿಯ ಆಚೆ ಒಂದೊಂದೇ ಮಹಡಿ ಮೇಲಿಂದ ಇಳಿದುಬಂತು. ಮೆಟ್ಟಿಲಲ್ಲಿ ಕೂತವರ ತಲೆ, ಆಮೇಲೆ ಮುಖ, ಆಮೇಲೆ ಚಪ್ಪಲಿ. ಅಜ್ಜಿ ತುತ್ತನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ಉಳಿದರು. “ಹೋಗ್ತಿದೆ! ಲಿಫ್ಟ್ ಹೋಗ್ತಿದೆ!” ಎಂದು ಯಾರೋ ಕೂಗಿದರು. ಕಿಟಕಿಯ ಬಿಸಿಲು ಜಾಲರಿಯ ಮೂಲಕ ಒಳಗೆ ಬಂದು ಗುಮಾಸ್ತನ ಬೊಕ್ಕತಲೆಯ ಮೇಲೆ ಹಿತ್ತಾಳೆಯ ಬಳ್ಳಿ ಬಿಡಿಸಿತು.

“ಆರನೇ ಮಹಡಿ” ಎಂದ ಲಿಫ್ಟಣ್ಣ, ಮೆಲ್ಲಗೆ. ಕೂಗಲು ಧೈರ್ಯ ಬರಲಿಲ್ಲ.

ಬಾಗಿಲು ತೆರೆದಾಗ ಗುಮಾಸ್ತರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಟೈಲರಮ್ಮ. “ನಮ್ಮ ಪಕ್ಕದ ಮನೆಯೋರು!” ಎಂದು ಇಡೀ ಹಾಲಿಗೆ ಪರಿಚಯ ಮಾಡಿಸಿದಳು.

ಲಿಫ್ಟಣ್ಣನ ಫೈಲು ಗಾಡಿಯ ತೀರಾ ಅಡಿಯಲ್ಲಿತ್ತು. ಮೇಲಿನವೆಲ್ಲ ಮುಗಿಯುವವರೆಗೆ ಕಾಯಬೇಕು. ಹಾಗಾದರೆ ಫೈಲುಗಳನ್ನು ಮೇಜಿಗೆ ಇಳಿಸಿ ಖಾಲಿಯಾದ ಗಾಡಿಯನ್ನೂ ಗುಮಾಸ್ತನನ್ನೂ ಕೆಳಗೆ ಬಿಟ್ಟು ಬರೋಣ ಎಂದುಕೊಂಡ. ಕೆಳಗೆ ಹೋದರೆ ಇನ್ನೊಂದು ಗಾಡಿ ತುಂಬಿ ನಿಂತಿತ್ತು. ಅದನ್ನು ಮೇಲೆ ಬಿಟ್ಟ. ಇಳಿಯುವಾಗ ಮೂರನೇ ಮಹಡಿಯಲ್ಲಿ ಅಜ್ಜಿ ಜಾಲರಿಗೆ ಮುಖ ಹಚ್ಚಿದ್ದರು. “ಮಗಾ, ನನ್ನನ್ನೂ ಮೇಲೆ ಬಿಡಪ್ಪ. ಹೋದ ವಾರದಿಂದ ಹತ್ತುತ್ತಾ ಇದ್ದೀನಿ.” ಇಲ್ಲ ಎನ್ನುವುದಾದರೂ ಹೇಗೆ? ಅಜ್ಜಿ ಕಣ್ಣು ಮುಚ್ಚಿಕೊಂಡು ಹತ್ತಿದರು, ಆರನೆಯದಕ್ಕೆ ಬಂದಾಗ ತೆರೆದು, “ಇಷ್ಟೇನಾ? ಇನ್ನೊಂದು ಸುತ್ತು ಹೊಡೆಸು” ಎಂದರು.

ಆಮೇಲೆ ಯಾರು ಹತ್ತಿದರು, ಯಾರು ಇಳಿದರು, ಒಂದೂ ನೆನಪಿಲ್ಲ. ಚಹಾದ ಕೆಟಲು ಹತ್ತಿತು. ಕುಂಟುವ ಕಪಾಟೊಂದು ಹತ್ತಿತು. ಎರಡನೇ ಮಹಡಿಯವರು ಎಂಟನೇ ಮಹಡಿಯಲ್ಲಿದ್ದ ತಮ್ಮ ಸ್ನೇಹಿತರನ್ನು ತಿಂಗಳುಗಳ ಮೇಲೆ ಭೇಟಿಯಾಗಿ ತಬ್ಬಿಕೊಂಡರು. ಮೇಲೆ ಸಹಿಗಳು ಬೀಳುವ ಸದ್ದು ಕೆಳಗಿನವರೆಗೂ ಕೇಳಿಸುತ್ತಿತ್ತು. ಇಳಿಯುವವರೆಲ್ಲ “ಬಿಡುಗಡೆ ಆಯ್ತು! ನಂದು ಬಿಡುಗಡೆ ಆಯ್ತು!” ಎಂದು ಲಿಫ್ಟಣ್ಣನ ಕೈ ಕುಲುಕಿ ಹೋಗುತ್ತಿದ್ದರು. ಅವನು ಮಾತ್ರ ಎಲ್ಲವನ್ನೂ ಜಾಲರಿಯಾಚೆಯಿಂದ ಬೆರಗಾಗಿ ನೋಡುತ್ತಿದ್ದ. ಒಂದು ಪೆಟ್ಟಿಗೆ ಮೇಲೆ ಕೆಳಗೆ ಹೋದರೆ ಇಷ್ಟು ಜನರ ಮುಖ ಅರಳುತ್ತದೆಯೇ! ಜವಳಿ ಅಂಗಡಿಯಲ್ಲಿ ಇಷ್ಟು ವರ್ಷ ಇದ್ದರೂ ಇದು ಅವನಿಗೆ ತಿಳಿದಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಟೈಲರಮ್ಮ ಓಡಿ ಬಂದಳು. “ಅಣ್ಣ, ನಿಮ್ಮ ಫೈಲು ಬಂತು, ಬೇಗ!”

ಕನ್ನಡಕದ ಮೇಡಂ ನಗುನಗುತ್ತ ‘ಇತ್ತು’ ಎಂಬಲ್ಲಿ ಗೀಟು ಹೊಡೆದರು, ಮೇಲೆ ‘ಇರಲಿಲ್ಲ’ ಎಂದು ಬರೆದರು, ಸಹಿ ಹಾಕಿದರು. ದಿಂಬು ಅಲ್ಲೇ ಎಲ್ಲೋ ಗಾಳಿಯಲ್ಲಿ ಕರಗಿ ಹೋದ ಹಾಗಾಯಿತು ಲಿಫ್ಟಣ್ಣನಿಗೆ.

“ಮುಗೀತಾ ಮೇಡಂ?”

“ಮುಗೀತು. ಭತ್ಯೆ ಮತ್ತೆ ಶುರು ಮಾಡೋ ಮೊದಲು ಒಂದೇ ಒಂದು ಪ್ರಶ್ನೆ ಕೇಳ್ಬೇಕು, ಅದು ನಿಯಮ. ಈ ವಾರ ಏನಾದ್ರೂ ಕೆಲಸ ಮಾಡಿದ್ರಾ?”

ಲಿಫ್ಟಣ್ಣ ನೆಟ್ಟಗೆ ನಿಂತ. ಪಾಠ ಬಾಯಿಪಾಠವಾಗಿತ್ತು. “ಇಲ್ಲ.” ಮುಂದಕ್ಕೆ ಒಂದಕ್ಷರ ಇಲ್ಲ.

“ಇಲ್ಲ ಅಂದ್ರೇನಪ್ಪಾ!” ಹಿಂದಿನ ಬೆಂಚಿನಿಂದ ಅಜ್ಜಿ ಎದ್ದರು. “ಬೆಳಗ್ಗೆಯಿಂದ ಬೆವರು ಸುರಿಸಿ ದುಡಿದಿದ್ದೀಯ, ಸಂಕೋಚ ಯಾಕೆ? ಬರ್ಕೊಳ್ಳಮ್ಮ, ನಾನೇ ಸಾಕ್ಷಿ!”

“ನಾನೂ ಸಾಕ್ಷಿ” ಎಂದ ದಾಖಲೆ ಗುಮಾಸ್ತ, ಎದೆಯುಬ್ಬಿಸಿ. “ಇಂಥ ಕೆಲಸಗಾರ ಈ ಕಟ್ಟಡಕ್ಕೆ ಬಂದೇ ಇಲ್ಲ.”

“ಊಟಕ್ಕೂ ಏಳ್ಲಿಲ್ಲ ಮೇಡಂ” ಎಂದು ಟೈಲರಮ್ಮ ಕೂಡ ಅಭಿಮಾನದಿಂದ ಸೇರಿಸಿ, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು.

ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ಯಜಮಾನ್ರೇ, ಕೆಲಸ ಇಲ್ಲದಾಗ ‘ಇತ್ತು’ ಅಂದ್ರಿ. ಕೆಲಸ ಮಾಡಿದಾಗ ‘ಇಲ್ಲ’ ಅಂತೀರಿ. ಊಟ ಮುಗಿಸ್ಕೊಂಡು ನಾನೇ ನಿಮ್ಮ ಲಿಫ್ಟಲ್ಲಿ ಬಂದೆನಲ್ರೀ.”

“ಸಂಬಳ ಇಲ್ಲ ಮೇಡಂ! ಮನೆಕೆಲಸದ ಹಾಗೇ ಇದೂನೂ!”

“ಮನೇಲಿ ಮಾಡಿದ್ದು ಮನೆಕೆಲಸ. ಕಚೇರೀಲಿ ಮಾಡಿದ್ದು ಏನು ಅಂತ ಹೇಳೋ ಅಧಿಕಾರ ನನಗಿಲ್ಲ. ವಿಚಾರಣೆ ಆಗ್ಬೇಕು.” ಅವರು ಫೈಲನ್ನು ಮುಚ್ಚಿ ಬದಿಗಿಟ್ಟರು. ಅವರಿಗೂ ಬೇಸರವಾಗಿತ್ತು.

ಲಿಫ್ಟಣ್ಣನಿಗೆ ಥಟ್ಟನೆ ಬುದ್ಧಿ ಹೊಳೆಯಿತು. “ಹಂಗಾದ್ರೆ ಆ ಲಿಫ್ಟ್ ಕೆಲಸಾನೇ ನಂಗೆ ಕೊಟ್ಟುಬಿಡಿ! ಜಾಗ ಖಾಲಿ ಇದೆಯಲ್ಲ? ಭತ್ಯೇನೂ ಬೇಡ, ವಿಚಾರಣೇನೂ ಬೇಡ.”

ಹಾಲಿಗೆ ಹಾಲೇ “ಕೊಡಿ, ಕೊಡಿ!” ಎಂದಿತು.

“ನನಗೇನು ಇಷ್ಟ ಇಲ್ವಾ? ಆದ್ರೆ ಆ ಜಾಗ ನಿರುದ್ಯೋಗಿಗಳಿಗೆ ಮಾತ್ರ ಮೀಸಲು. ನೀವು ಬೆಳಗ್ಗೆ ಬಂದಾಗ ಕೇಳಿದ್ದಿದ್ರೆ ಮೊದಲ ಹೆಸರು ನಿಮ್ಮದೇ ಆಗಿರ್ತಿತ್ತು. ಈಗ ನೀವು ನಿರುದ್ಯೋಗಿ ಹೌದೋ ಅಲ್ವೋ ಅನ್ನೋದೇ ಅನುಮಾನದಲ್ಲಿದೆ.”

ಲಿಫ್ಟಣ್ಣ ಮೇಡಂ ಮುಖವನ್ನೇ ನೋಡಿದ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾರಪ್ಪ ಈ ನಿಯಮಗಳನ್ನು! ಒಂದರೊಳಗೆ ಒಂದು, ಜಾಲರಿ ಬಾಗಿಲಿನ ಹಾಗೆ. ಎಲ್ಲಿಂದ ಎಳೆದರೂ ತನ್ನ ಬೆರಳೇ ಸಿಕ್ಕಿಕೊಳ್ಳುತ್ತದೆ. ಪೆಚ್ಚಾದರೂ ಬೆರಗು ಹೋಗಲಿಲ್ಲ.

“ವಿಚಾರಣೆ ಯಾವಾಗ ಮೇಡಂ?”

“ನಾಳೆ ಹತ್ತು ಗಂಟೆಗೆ, ಎಂಟನೇ ಮಹಡೀಲಿ, ದೊಡ್ಡ ಸಾಹೇಬ್ರ ಮುಂದೆ. ಅವರು ಇವತ್ತೊಂದು ದಿನ ರಜೆ.” ಮೇಡಂ ಒಂದು ಚೀಟಿಯ ಮೇಲೆ ಬರೆಯುತ್ತ ತಡೆದರು. “ಒಂದು ತೊಂದರೆ ಇದೆ. ಸಾಹೇಬ್ರಿಗೆ ಮಂಡಿನೋವು. ಲಿಫ್ಟ್ ನಿಂತಾಗಿನಿಂದ ಮೇಲೆ ಹತ್ತಿಲ್ಲ, ಕಾವಲುಗಾರನ ಪಕ್ಕ ಕುರ್ಚಿ ಹಾಕ್ಕೊಂಡು ಪೇಪರ್ ಓದಿ ಹೋಗ್ತಾರೆ. ವಿಚಾರಣೆ ಮಾತ್ರ ಅವರ ಕೋಣೇಲೇ ಆಗ್ಬೇಕು.”

“ಮತ್ತೆ ಅವರು ಮೇಲೆ ಬರೋದು ಹೆಂಗೆ?”

ಮೇಡಂ, ಗುಮಾಸ್ತ, ಅಜ್ಜಿ ಎಲ್ಲರೂ ಲಿಫ್ಟಣ್ಣನನ್ನೇ ನೋಡುತ್ತಿದ್ದರು. ಟೈಲರಮ್ಮ ಕೊರಳಿನ ಅಳತೆಪಟ್ಟಿಯನ್ನು ಮೆಲ್ಲಗೆ ಕೈಗೆ ಸುತ್ತಿಕೊಂಡು, “ದಿಂಬನ್ನ ನಾಳೆ ಸಂಜೆಗೆ ರೆಡಿ ಮಾಡ್ಲಾ ಅಣ್ಣ?” ಎಂದಳು.

“ಮೇಡಂ, ನಿಜ ಹೇಳಿ” ಎಂದ ಲಿಫ್ಟಣ್ಣ. “ನಾಳೆ ನಾನು ಬರೋದು ವಿಚಾರಣೆಗಾ, ಕೆಲಸಕ್ಕಾ?”

“ಅದನ್ನೇ ಅಲ್ವಾ ನಾಳೆ ತೀರ್ಮಾನ ಮಾಡೋದು” ಎಂದು ಮೇಡಂ ಚೀಟಿ ಕೈಗಿಟ್ಟರು. “ಹತ್ತು ಗಂಟೆ, ಮರೀಬೇಡಿ. ಸಾಹೇಬ್ರು ಸ್ವಲ್ಪ ಮುಂಚೇನೇ ಬಂದು ಕೆಳಗೆ ಕಾಯ್ತಿರ್ತಾರೆ.”